ಕಾಯಿಗೆ ಬಾಗಿಲಿದೆ

ಮತ್ತೆ ಚಾಮುಂಡಿಬೆಟ್ಟ, ಈಗಷ್ಟೇ ಬೆನ್ನ ಹಿಂದೆ ಹೋಗಿದ್ದು ಮತ್ತೆ ಕಣ್ಣೆದುರು, ಹಿಂದೆಯೇ ಚರ್ಚಿನ ಶಿಲುಬೆ, ಮತ್ತೆ ಬೆಟ್ಟ — ಮೈದಾನವೇ ಬೀಸುಕಲ್ಲಿನ ಹಾಗೆ ತಿರುಗುತ್ತಿದೆ, ನಡುವಿನ ಬೇವಿನ ಮರವೇ ಗೂಟ, ತಾನು ಅಂಚಿನಿಂದ ಸಿಡಿಯಲಿರುವ ರಾಗಿಕಾಳು ಅಂದುಕೊಂಡ ಜ್ಞಾನಪ್ಪ, ಹೊಸ ಮೋಟಾರಿನ ಫುಟ್‌ಬೋರ್ಡಿನ ಮೇಲೆ ನಿಂತು, ಚಾವಣಿ ಹುಡ್ಡಿನ ಕಂಬಿಗೆ ಎರಡೂ ಕೈ ಕೊಟ್ಟು. ಕಂಬಿ ಜಾರುತ್ತಿದೆ, ಬೆಳಿಗ್ಗೆ ಅದಕ್ಕೆ ಎಣ್ಣೆ ಸವರಿ ಹೊಳಪು ಕೊಟ್ಟವನೂ ತಾನೇ, ಥೂ — ಒಳಗೆ ಹಿಂದಿನ ಸೀಟು ಖಾಲಿ, ಖಾಲಿ ಎಲ್ಲಿ ಬಂತು, ಬೆಟ್ಟದ ಪೂಜೆಗೆ ಇಟ್ಟ ತೆಂಗಿನಕಾಯಿ ಕೂತಿದೆ, ಅರಿಶಿನ ಬಳಿದುಕೊಂಡು, ಜುಟ್ಟು ಬಿಟ್ಟುಕೊಂಡು. ಮರದ ಸುತ್ತ ಸುತ್ತಿಸಿ ಮೋಟಾರು ಬಿಡುತ್ತಿರುವ ಯಜಮಾನರು ದೊರೆಸ್ವಾಮಿಯವರ ಜುಟ್ಟೂ ಗಾಳಿಗೆ ಬಿಚ್ಚಿದೆ, ಪಕ್ಕದಲ್ಲಿ ಅವರ ಭಾವಮೈದುನ ಸುಂದರೇಶ ತೊಡೆ ತಟ್ಟುತ್ತಾನೆ, ಇನ್ನೂ ಜೋರು ಭಾವ, ಜಟಕಾ ಕುದುರೆ ಇದಕ್ಕಿಂತ ವಾಸಿ. ದಿನಾ ಆ ಸೀಟು ಒರೆಸುವ ಕೈ ಇದೇ, ಒರೆಸಿದರೆ ಮೈಲಿಗೆಯಿಲ್ಲ, ಕೂತರೆ ಉಂಟು. ಸೀಟಿನದು ಸತ್ತ ದನದ ಚರ್ಮ, ತಾತ ಹದ ಮಾಡುತ್ತಿದ್ದ ಅದೇ ಚರ್ಮ, ಮೂಗಿಗೆ ಗೊತ್ತಾಗುವುದಿಲ್ಲವೇ, ಅದು ಮೈಲಿಗೆಯಲ್ಲ, ತಾತನ ಮೊಮ್ಮಗ ಮೈಲಿಗೆ. ಜ್ಞಾನಸ್ನಾನದಲ್ಲಿ ಎಲ್ಲ ತೊಳೆದುಹೋಯಿತು ಅಂದಿದ್ದರಂತೆ ಪಾದ್ರಿಗಳು, ಎಲ್ಲಿ ಹೋಯಿತು — ಬೆಟ್ಟ, ಶಿಲುಬೆ, ಬೆಟ್ಟ. ಹೆಂಡತಿ ಜೋಸೆಫಿನ್‌ಗೆ ಹೇಳಿದ್ದು ಸುಳ್ಳು. ಮೋಟಾರಲ್ಲಿ ನೀವೆಲ್ಲಿ ಕೂತ್ಕೋತೀರಿ ಅಂದಳು, ಹಿಂದೆ ಕಣೇ, ಹತ್ತಿ ಮೂಟೆ ಮೇಲೆ ಕೂತಂಗೆ ಅಂದುಬಿಟ್ಟ, ಬಸುರಿ ಹೊಟ್ಟೆ ಕುಲುಕುವಂತೆ ನಕ್ಕಳು, ನೀವು ಕೂತಿರೋದ ಒಂದ್ಸಲ ನೋಡ್ಬೇಕು ಕಣ್ರೀ — ಬೇಡ ದೇವರೇ, ಈಗ ಅವಳು ಈ ದಾರಿ ಬರುವುದು ಬೇಡ.

ವೇಗ ಏರಿತು, ಯಾರೋ ಸೊಂಟಕ್ಕೆ ಹಗ್ಗ ಬಿಗಿದು ಹೊರಕ್ಕೆ ಜಗ್ಗುತ್ತಿದ್ದಾರೆ, ಒಂದು ಕಾಲು ಆಗಲೇ ಗಾಳಿಯಲ್ಲಿ, ಸ್ವಾಮಿ ನಿಧಾನ, ಬಿದ್ಬುಡ್ತೀನಿ ಸ್ವಾಮಿ. ಸುಂದರೇಶ ತಿರುಗಿದ, ಕಂಬಿ ಹಿಡ್ಕೊಳ್ಳೋ, ಒಳಗೆ ಕೈ ಹಾಕೀಯ, ಪೂಜೆ ಕಾಯಿ ಇದೆ ಅಲ್ಲಿ. ಒಳಕ್ಕೆ ನೆಗೆಯಬಹುದು, ಒಂದು ಮೊಣಕಾಲು ಊರಿದರೆ ಸಾಕು, ನೆಗೆದರೆ ನಾಳೆ ಕೆಲಸವಿಲ್ಲ, ಹುಟ್ಟುವ ಕೂಸಿಗೆ ಏನು ಹಾಕುವುದು, ನೆಗೆಯದಿದ್ದರೆ — ಬೆಟ್ಟ — ಕಾಯಿಯೂ ಹೊರಳಿತು, ಅವನನ್ನು ಜಗ್ಗುವುದೇ ಅದನ್ನೂ ಜಗ್ಗಿತು, ಸೀಟಿನ ಉದ್ದಕ್ಕೂ ಇವನತ್ತಲೇ ಉರುಳಿ ಬಂದು, ಧಪ್ಪನೆ ಬಾಗಿಲಿಗೆ ಬಡಿದು ನಿಂತಿತು. ಕಿರುಬೆರಳು ಬಿಟ್ಟಿತು. ನೆಗೆ, ನೆಗೆಯೋ, ಕೈ ಮಾತು ಕೇಳುತ್ತಿಲ್ಲ, ಇಷ್ಟು ವರ್ಷ ಮುಟ್ಟಬೇಡ ಎಂದು ಕಲಿತ ಕೈ — ಕೂತಿದ್ದೀನಿ ಕಣೇ, ಮೆತ್ತಗಿದೆ — ಬೆಟ್ಟ — ಕಂಬಿ ಕೈಯಲ್ಲಿಲ್ಲ, ಶಿಲುಬೆ ಬರಲಿಲ್ಲ — ಜುಟ್ಟಿನ ಕಾಯಿ, ಬಾಗಿಲಿಗೆ ಒರಗಿ ಕೂತಿದೆ — ಕಾಯಿ, ಬಾಗಿಲಿಗೆ ಒರಗಿ — ಕಾಯಿಗೆ ಬಾಗಿಲಿದೆ