ಅಪ್ಪಣೆ ಸಿಗದ ಹಾಡು

"ಪ್ಲಗ್ ಸಡಿಲ ಇದೆ ಅತ್ತಿಗೆ, ಸ್ವಲ್ಪ ಹಿಡ್ಕೊಳ್ಳಿ," ಎನ್ನುತ್ತ ರೇಡಿಯೋ ಕೇಂದ್ರದ ಇಂಜಿನಿಯರ್ ರೆಕಾರ್ಡ್ ಪ್ಲೇಯರನ್ನು ಶವದ ತಲೆಯ ಪಕ್ಕಕ್ಕೆ ಸರಿಸಿದ. ಗಾಡಿ ಬರುವುದರೊಳಗೆ ಗಂಡನಿಗೆ ಆ ಹಾಡು ಕೇಳಿಸಲೇಬೇಕೆಂದು ಹೆಂಡತಿ ಬೆಳಗಿನಿಂದ ಹಟ ಹಿಡಿದಿದ್ದಳು.

"ಆಯುಷ್ಯವೆಲ್ಲಾ ಈ ಹಾಡೋಳ ಹಿಂದೇನೇ ಕಳೆದ್ರು. ನನ್ನ ಸವತಿ ಕಣಪ್ಪಾ ಇವಳು! ಅವರೂ ಒಂದ್ಸಲ ಕೇಳ್ಕೊಂಡು ಹೋಗ್ಲಿ. ಅಂಥಾದ್ದೇನಿದೆ ಅಂತ ನಾನೂ ನೋಡ್ತೀನಿ."

ನಾದಿನಿ ಮೂಗು ಮುರಿದಳು. "ಹೆಣದ ಮುಂದೆ ಹಾಡಾ? ನೋಡಿದೋರು ಏನಂತಾರೆ?"

"ಅಂದ್ಕೊಳ್ಲಿ ಬಿಡು. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

*

ಬದುಕಿದ್ದಾಗ ಕೇಂದ್ರದಲ್ಲಿ ಅವಳ ಗಂಡನಿಗೆ ಅಪ್ಪಣೆರಾಯ ಎಂದೇ ಅಡ್ಡಹೆಸರು. ಹಳೆಯ ರೆಕಾರ್ಡು ಪ್ರಸಾರವಾಗಬೇಕಾದರೆ ಅದರ ಹಕ್ಕುದಾರರನ್ನು ಹುಡುಕಿ ಒಪ್ಪಿಗೆ ತರುವುದು ಅವನ ಕೆಲಸ. ತಂದ ಮೇಲೂ ಸುಮ್ಮನಿರುವ ಆಸಾಮಿಯಲ್ಲ, ಕವರನ್ನು ಬೆರಳಿನಿಂದ ತಟ್ಟಿ, ಸತ್ತ ಗಾಯಕರನ್ನೇ "ಹಾಕ್ಲಾ?" ಎಂದು ಕೇಳುತ್ತಿದ್ದ.

ಈ ಒಬ್ಬ ಗಾಯಕಿಯ ವಾರಸುದಾರರು ಮಾತ್ರ ಸಿಗಲೇ ಇಲ್ಲ.

"ಯಾರಿಗ್ರೀ ಗೊತ್ತಾಗುತ್ತೆ? ಸುಮ್ನೆ ಹಾಕ್ರೀ," ಎಂದು ನಿರ್ದೇಶಕರು ರೇಗಿದ್ದರು.

"ಹಕ್ಕಿನ ಗಡುವು ಮುಗಿದಿಲ್ಲ ಸಾರ್. ವಾರಸುದಾರರು ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ."

"ನೀವಾದ್ರೂ ಕೇಳಿದೀರೇನ್ರೀ ಅದನ್ನ?"

"ಅಪ್ಪಣೆ ಇಲ್ದೆ ಹೇಗೆ ಸಾರ್?"

ಅಂದಿನಿಂದ ಪ್ರತಿ ಬೆಳಗ್ಗೆ ಆ ಕವರನ್ನು ತಟ್ಟುವನು, ಕಿವಿಯಿಟ್ಟು ಕಾಯುವನು, ಮತ್ತೆ ಕಪಾಟಿಗಿಡುವನು. ಆ ಹೊತ್ತು ಅವನ ಮುಖದಲ್ಲಿ ಮದುಮಗನ ಕಳೆ ಇರುತ್ತದೆಂದು ಇಂಜಿನಿಯರ್ ಒಮ್ಮೆ ಬಾಯಿತಪ್ಪಿ ಅಪ್ಪಣೆರಾಯನ ಹೆಂಡತಿಯೆದುರು ಹೇಳಿಬಿಟ್ಟಿದ್ದ. ಪಾಪ, ಅವಳ ಹೊಟ್ಟೆಯೊಳಗೆ ಅಂದು ಬಿದ್ದ ಕೆಂಡ ಆರಲೇ ಇಲ್ಲ.

*

"ಮನೇಲಿ ಹಾಕೋಕೆ ಕಾನೂನು ಅಡ್ಡ ಬರಲ್ಲ. ಆದ್ರೂ ಅವರ ಪದ್ಧತಿ..." ಇಂಜಿನಿಯರ್ ಕವರನ್ನು ಮೆಲ್ಲಗೆ ತಟ್ಟಿದ. "ಹಾಕ್ಲಾ ತಾಯೀ?"

ಕವರಿಗೆ ಕಿವಿಯಿಟ್ಟು ನಿಂತ.

"ಅವಳನ್ನೇನು ಕೇಳ್ತೀಯ? ಹಾಕು!" ಎಂದಳು ಹೆಂಡತಿ.

ಮುಳ್ಳು ಇಳಿಯಿತು. ಬರೀ ಸರಸರ ಸದ್ದು, ಹಾಡು ಬರಲಿಲ್ಲ. ಹತ್ತಿರದಲ್ಲೇ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಆಮೇಲೆ ಒಂದು ಹೆಣ್ಣುದನಿ, ಹಾಡಲಿಲ್ಲ, ಮಾತಾಡಿತು.

"ದಿನಾ ಕೇಳೋರು ಈಗ ನಾನಿರೋ ಕಡೆಗೇ ಬಂದ್ರಲ್ಲ. ಇನ್ನು ಅಲ್ಲಿ ಯಾರಿಗೆ ಹಾಡ್ಲಿ?"

ನಾದಿನಿ ಕಿಟಾರನೆ ಕಿರುಚಿದಳು. ಇಂಜಿನಿಯರ್ ಪ್ಲಗ್ ಕಿತ್ತ. ಆದರೂ ರೆಕಾರ್ಡು ತಿರುಗುತ್ತಲೇ ಇತ್ತು. ಅದರೊಳಗೆ ಅದೇ ದನಿ ಸಣ್ಣಗೆ ಗುನುಗುತ್ತ ಶ್ರುತಿ ಹಿಡಿಯುತ್ತಿತ್ತು.

ಹೆಂಡತಿ ಗಂಡನ ಮೇಲೆ ಬಗ್ಗಿ, ಅವನ ಎರಡೂ ಕಿವಿಗಳನ್ನು ಅಂಗೈಗಳಿಂದ ಬಿಗಿಯಾಗಿ ಮುಚ್ಚಿದಳು.