ಎಂಬತ್ತೊಂದಕ್ಕೆ ಬಂದಿದ್ದ ಲೀಸು

ಬ್ರೆಡ್ಡಿನ ಅಂಚು ಕತ್ತರಿಸಿ, ಹ್ಯಾಮ್ ಇಟ್ಟು ಮುಚ್ಚುತ್ತಿದ್ದ ಮ್ಯಾವಿಸಳ ಪಕ್ಕಕ್ಕೆ ಬಂದ ಹೇಜಲ್, "ಆಂಟಿ, ಅದನ್ನ ಸ್ವಲ್ಪ ಬಿಡಿ. ನಿಮಗೊಂದು ಒಳ್ಳೇ ಸುದ್ದಿ ಇದೆ," ಎಂದಳು.

ಚಿತಾಗಾರದಿಂದ ಮರಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಅಲ್ಲಿ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಮುಂದಿನ ಶವಪೆಟ್ಟಿಗೆಯವರು ಆಗಲೇ ಹೊರಗೆ ಬಂದು ನಿಂತಿದ್ದರು. ಈಗ ರೋಲ್ಯಾಂಡನ ಮೇಲ್ಮಹಡಿಯ ಮನೆಯಲ್ಲಿ ಹದಿನೈದಿಪ್ಪತ್ತು ಜನ ಕಪ್ಪು ಕೋಟು ತೊಟ್ಟು, ಹೇಸ್ಟಿಂಗ್ಸಿನ ಬೂದು ಸಮುದ್ರವನ್ನು ಕಿಟಕಿಯಿಂದ ನೋಡುತ್ತ ಚಹಾಕ್ಕೆ ಕಾದಿದ್ದರು. ಸತ್ತ ರೋಲ್ಯಾಂಡನಿಗೆ ಹೆಂಡತಿ, ಮಕ್ಕಳು ಇಲ್ಲ. ಬ್ರಿಸ್ಟಲ್‌ನಿಂದ ಬಂದ ತಂಗಿಯ ಮಗಳು ಹೇಜಲ್ ಒಬ್ಬಳೇ ರಕ್ತಸಂಬಂಧಿ. ಸಕ್ಕರೆ ಯಾವ ಡಬ್ಬದಲ್ಲಿದೆಯೆಂದು ಗೊತ್ತಿದ್ದದ್ದು ನೆಲಮಹಡಿಯ ಮ್ಯಾವಿಸಳಿಗೆ ಮಾತ್ರ.

"ಮಾವನ ಬೀರುವಲ್ಲಿ ಕಾಗದ ಸಿಕ್ಕಿದ್ವು. ಈ ಕಟ್ಟಡದ ನೆಲ ಅವರದ್ದೇ ಅಂತೆ, ಹದಿನಾಲ್ಕು ವರ್ಷದಿಂದ. ಕಂಪನಿ ಹೆಸರಲ್ಲಿ ಇಟ್ಟಿದ್ರು. ಈಗ ನನಗೆ ಬರುತ್ತೆ. ನಿಮ್ಮ ಲೀಸು ಇನ್ನೂ ತೊಂಬತ್ತು ವರ್ಷ ಬೆಳೆಸಿಕೊಡು, ಒಂದು ಕಾಸೂ ತಗೋಬೇಡ ಅಂತ ಉಯಿಲಲ್ಲೇ ಬರ್ದಿದ್ದಾರೆ."

"ಯಾವ ಕಂಪನಿ?"

"ಅದೇ, ನಿಮಗೆಲ್ಲ ಕಾಗದ ಕಳಿಸೋದು, ಕ್ರಾಯ್ಡನ್ ಅಂಚೆಪೆಟ್ಟಿಗೆ ವಿಳಾಸದ್ದು."

ಲೋಟಕ್ಕೆ ಕೈಚಾಚಿದ್ದ ನಡುಮಹಡಿಯ ಡೆಸ್ಮಂಡ್ ಹಾಗೇ ನಿಂತ. "ಅಂದ್ರೆ ನಾನು ಇಷ್ಟು ದಿನ ಆ ಕಂಪನಿ ಕಳ್ಳರು ಅಂತ ಬೈದಿದ್ದೆಲ್ಲ ಇವನಿಗೇ, ಇವನ ಮುಖಕ್ಕೇ. ಹೌದಪ್ಪಾ ಹೌದು ಅಂತ ನನ್ನ ಜೊತೆ ತಲೆ ಬೇರೆ ಆಡಿಸ್ತಿದ್ದನಲ್ಲ." ಆಮೇಲೆ ಮ್ಯಾವಿಸಳತ್ತ ತಿರುಗಿ, "ನಾನಾಗ್ಲೇ ಹೇಳಿದ್ದೆ. ಕಂಪನಿ ಹಿಂದೆ ಯಾರಿದ್ದಾರೆ ಅಂತ ಸರ್ಕಾರದ ಪಟ್ಟೀಲಿ ಇರುತ್ತೆ, ಒಂದ್ಸಲ ನೋಡಿ ಅಂತ."

ಹೇಳಿದ್ದ. ಬೇರೆಯವರ ಪರದೆ ಸರಿಸಿ ಇಣುಕಿದ ಹಾಗೆ ಎಂದು ಅವಳು ನೋಡಿರಲಿಲ್ಲ. ರೋಲ್ಯಾಂಡನನ್ನು ಕೇಳಿದ್ದಳು. ಅದು ಮರ್ಯಾದಸ್ಥರ ಕೆಲಸವಲ್ಲ ಎಂದಿದ್ದ.

*

ಆ ಬೀದಿಯಲ್ಲಿ ಮನೆ ಕೊಂಡವರು ಕೊಂಡದ್ದು ವರ್ಷಗಳನ್ನು. ನೆಲ ಇನ್ನೊಬ್ಬರದು, ಲೀಸು ಮುಗಿದ ದಿನ ಗೋಡೆಯೂ ಅವರದೇ. ಉಳಿದ ವರ್ಷ ಎಂಬತ್ತಕ್ಕಿಂತ ಕೆಳಗಿಳಿದರೆ ಬೆಳೆಸಿಕೊಳ್ಳುವ ಬೆಲೆ ಎಟುಕದಂತಾಗುತ್ತದೆ. ಇನ್ನೂ ಇಳಿದರೆ ಬ್ಯಾಂಕು ಸಾಲ ಕೊಡದು, ಕೊಳ್ಳುವವರು ತಿರುಗಿ ನೋಡರು.

ಎಂಟು ವರ್ಷದ ಹಿಂದೆ ಮ್ಯಾವಿಸಳ ಲೀಸು ಎಂಬತ್ತೊಂದಕ್ಕೆ ಬಂದಿತ್ತು. ಅದೇ ಚಳಿಗಾಲ ಮಗಳು ಲಿನೆಟ್ ಗಂಡನನ್ನು ಬಿಟ್ಟಿದ್ದಳು. ದೂರದ ಉತ್ತರದ ಕಾರ್ಲೈಲಿನ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ, ಆರು ವರ್ಷದ ಮಗಳನ್ನು ಯಾರ ಮನೆಯಲ್ಲಿ ಬಿಡುವುದೆಂದು ದಿನಾ ಪರದಾಟ. "ಅಮ್ಮಾ, ಅದನ್ನ ಮಾರಿ ಇಲ್ಲಿಗೆ ಬಂದ್ಬಿಡು," ಎಂದು ಫೋನಿನಲ್ಲಿ ಅತ್ತಿದ್ದಳು.

ಒಳ್ಳೆಯ ಬೆಲೆಗೆ ಮಾರಬೇಕಾದರೆ ಮೊದಲು ಲೀಸು ಬೆಳೆಸಬೇಕೆಂದು ಮ್ಯಾವಿಸ್ ಅದರ ಅರ್ಜಿ ಹಿಡಿದು ಮೇಲಕ್ಕೆ ಹೋದಳು. ರೋಲ್ಯಾಂಡ್ ಪುರಸಭೆಯಲ್ಲಿ ಮೂವತ್ತು ವರ್ಷ ಕಾಗದ ಬರೆದವನು. ಗುರುವಾರದ ಕರಿದ ಮೀನನ್ನು ಇಬ್ಬರೂ ಒಂದೇ ಮೇಜಿನಲ್ಲಿ ತಿನ್ನುತ್ತಿದ್ದರು.

"ಆತುರ ಮಾಡ್ಬೇಡ ಮ್ಯಾವಿಸ್. ಅವಸರ ಕಂಡ್ರೆ ಅವರು ಜಾಸ್ತಿ ಕೇಳ್ತಾರೆ. ಇಲ್ಲಿ ಕೊಡು, ಒಂದು ಬಿಗಿಯಾದ ಕಾಗದ ಜೊತೆಗಿಟ್ಟು ನಾನೇ ಹಾಕ್ತೀನಿ."

"ಎಂಬತ್ತರ ಕೆಳಗೆ ಇಳಿದುಬಿಟ್ರೆ?"

"ನಾನಿದೀನಲ್ಲ."

ಉತ್ತರಗಳು ಬಂದವು. ಬಂದಂತೆಲ್ಲ ಕಂಪನಿ ಕೇಳುವ ಮೊತ್ತ ಏರಿತು. ರೋಲ್ಯಾಂಡ್ ಕನ್ನಡಕ ಮೂಗಿಗೇರಿಸಿ ಓದಿ, "ನಾಚಿಕೆಗೆಟ್ಟವರು," ಎಂದು ಅವಳ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕುತ್ತಿದ್ದ. ಲಿನೆಟ್ ವಾರಕ್ಕೊಮ್ಮೆ ಮಾಡುತ್ತಿದ್ದ ಫೋನು ತಿಂಗಳಿಗೊಮ್ಮೆಯಾಯಿತು, ಕೊನೆಗೆ ಬರೀ ಕ್ರಿಸ್‌ಮಸ್ಸಿಗೆ. ಒಮ್ಮೆ ಮಾತ್ರ, "ನಿನಗೆ ಬರೋ ಮನಸ್ಸಿಲ್ಲ ಅಂತ ನೇರವಾಗಿ ಹೇಳಿದ್ರೆ ಆಗ್ತಿತ್ತು," ಎಂದಿದ್ದಳು. ಲೀಸಿನ ಮಾತನ್ನು ಅವಳು ನಂಬಿರಲಿಲ್ಲ.

*

"ಆಂಟಿ, ಖುಷಿ ಆಗ್ಲಿಲ್ವಾ?" ಹೇಜಲ್ ಕೇಳಿದಳು. "ಇನ್ನು ಯಾವಾಗ ಬೇಕಾದ್ರೂ ಮಾರ್ಬಹುದು ನೀವು. ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."

"ಆ ಕಂಪನಿ ಕಾಗದಗಳನ್ನ ಬರೀತಿದ್ದೋರು ಯಾರು?"

"ಮಾವನೇ ಇರ್ಬೇಕು. ನಕಲು ಎಲ್ಲ ಇಟ್ಟಿದ್ದಾರೆ, ತಾರೀಖಿನ ಪ್ರಕಾರ. ನಿಮ್ಮ ಅರ್ಜೀನೂ ಇದೆ, ಲಕೋಟೆ ಸಮೇತ. ಅಂಚೆಗೆ ಹಾಕೇ ಇಲ್ಲ."

"ಅವಳಿಗಾಗ ಆರು, ಈಗ ಹದಿನಾಲ್ಕು," ಎಂದಳು ಮ್ಯಾವಿಸ್.

"ಯಾರಿಗೆ?"

ಒಲೆಯ ಮೇಲೆ ಕೆಟಲ್ ಕೂಗಿತು. ಡೆಸ್ಮಂಡ್ ಅದನ್ನು ಇಳಿಸಿ, "ನೀವು ಕೆಳಗೆ ಹೋಗಿ ಮಲಕ್ಕೊಳ್ಳಿ. ಇವರಿಗೆಲ್ಲ ನಾನು ಹಾಕಿಕೊಡ್ತೀನಿ. ಕೆಟ್ಟ ಚಹಾ ಕುಡಿದು ಬೇಗ ಎದ್ದು ಹೋಗ್ತಾರೆ," ಎಂದ. ಅವಳು ನಗಲಿಲ್ಲ, ಹೊರಟಳು.

ಕೆಳಗಿಳಿಯುವ ಮೆಟ್ಟಿಲಿಗೆ ಹೋಗಬೇಕಾದರೆ ಜನ ತುಂಬಿದ ಹಜಾರವನ್ನೇ ದಾಟಬೇಕು. ಅವಳು ಕಂಡದ್ದೇ ತಡ, ಮಾತು ನಿಂತು ಎಲ್ಲರೂ ಗೋಡೆಗೆ ಸರಿದು ದಾರಿ ಬಿಟ್ಟರು. ಪುರಸಭೆಯ ಹಳೆಯ ಗುಮಾಸ್ತನೊಬ್ಬ ಮುಂದೆ ಬಂದು ಅವಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

"ನಿಮಗಾದ ನಷ್ಟ ನಮಗ್ಯಾರಿಗೂ ಆಗಿಲ್ಲಮ್ಮ. ಅವನು ನಿಮ್ಮ ಮಾತು ಆಡದ ದಿನ ಇರ್ಲಿಲ್ಲ. ಹೊರಡ್ತೀನಿ ಹೊರಡ್ತೀನಿ ಅಂತಾಳೆ, ಎಲ್ಲೂ ಹೋಗಲ್ಲ ಬಿಡು ಅಂತ ನಗ್ತಿದ್ದ."

ಮ್ಯಾವಿಸ್ ಕೈ ಬಿಡಿಸಿಕೊಳ್ಳಲಿಲ್ಲ. ಅವನ ಹಿಂದೆ, ಮೆಟ್ಟಿಲ ಬಾಯಿಯವರೆಗೂ, ಅವಳ ಕೈಕುಲುಕಲು ಒಬ್ಬೊಬ್ಬರೇ ಬಲಗೈಯ ಗವಸು ಕಳಚಿಕೊಂಡು ಸಾಲಾಗಿ ನಿಲ್ಲತೊಡಗಿದ್ದರು.