ಜೋಗುಳದೊಳಗಿನ ಬೆಕ್ಕು

ಗಂಟಲಿನ ಆಪರೇಷನ್ ಆದ ಮೇಲೆ ನನಗೆ ಉಸಿರು ಬರುತ್ತದೆ, ಸ್ವರ ಬರುವುದಿಲ್ಲ. ಪಿಸುಮಾತಿಗೇನೂ ಬರವಿಲ್ಲ, ಬೈಯಲು ಅಷ್ಟು ಧಾರಾಳ ಸಾಕು. ಜೋಗುಳಕ್ಕೆ ಸಾಲದಲ್ಲ! ಮೊಮ್ಮಗಳು ಗುಬ್ಬಿಗೆ ನನ್ನ ಹಾಡಿಲ್ಲದೆ ಮಧ್ಯಾಹ್ನದ ನಿದ್ದೆ ಹತ್ತದು. ಇನ್ನು ಆ ಮಗುವಿಗೆ ನಾನು ಬೇಡವಾಗಿಬಿಡುತ್ತೇನೇನೋ.

ಅಳಿಯನ ಕೆಲಸವೇ ಧ್ವನಿ ತೊಳೆಯುವುದು. ಹಳೆಯ ರೆಕಾರ್ಡಿಂಗುಗಳನ್ನು ಕಂಪ್ಯೂಟರಿಗೆ ಹಾಕಿ ಕೊಳೆ ತೆಗೆಯುತ್ತಾನೆ. ಆಪರೇಷನ್ನಿಗೆ ಮುಂಚೆ ನನ್ನ ಜೋಗುಳವನ್ನೂ ಹಿಡಿದಿಟ್ಟುಕೊಂಡಿದ್ದ. ಅದನ್ನು ಅಂಗೈಯಗಲದ ಡಬ್ಬಿಯೊಂದಕ್ಕೆ ತುಂಬಿ ತಂದು ಗುಬ್ಬಿಯ ಹಾಸಿಗೆಯ ಪಕ್ಕ ಇಟ್ಟ.

“ಕೇಳಿ ಅತ್ತೆ, ಹೇಗಿದೆ ಹೇಳಿ.”

ಪರದೆ ಎಳೆದ ಕೋಣೆ. ಬಿಸಿಲು ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ ಬಿದ್ದಿತ್ತು. ಡಬ್ಬಿಯೊಳಗಿಂದ ನಾನೇ ಎದ್ದು ಬಂದೆ. ‘ಮೋಡದ ಮರಿಯೊಂದು ಕಿಟಕಿಗೆ ಬಂತು...’ ಅಯ್ಯೋ ದೇವರೇ, ನನ್ನ ಸ್ವರ ಇಷ್ಟು ಚೆನ್ನಾಗಿತ್ತೇ! ಕಣ್ಣು ತುಂಬಿತು. ಗುಬ್ಬಿಯ ರೆಪ್ಪೆ ಇಳಿಯಿತು. ಹಾಡು ಎರಡನೇ ಸಾಲಿಗೆ ಹೋಯಿತೋ ಇಲ್ಲವೋ, ಅವಳು ದಡಕ್ಕನೆ ಎದ್ದು ಕೂತಳು.

“ಬೆಕ್ಕೆಲ್ಲಿ?”

ಅಳಿಯ ಪೆಚ್ಚಾದ. “ಯಾವ ಬೆಕ್ಕಮ್ಮಾ?”

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ. “ಮೊದಲನೇ ಸಾಲು ಆದ್ಮೇಲೆ ‘ಶೂ’ ಅಂತ ಬರುತ್ತಲ್ರೀ, ಅದನ್ನೇನು ಮಾಡಿದ್ರಿ?”

“ನಾಯ್ಸ್ ಅಂದ್ಕೊಂಡು ತೆಗೆದುಬಿಟ್ಟೆ ಕಣೇ.”

ತೆಗೆದುಬಿಟ್ಟನಂತೆ! ನನ್ನ ಅಜ್ಜಿ ಮಗು ಮಲಗಿಸುವಾಗಲೆಲ್ಲ ಬೆಕ್ಕೊಂದು ಹಾಲಿಗೆ ಬಾಯಿ ಹಾಕಲು ಬರುತ್ತಿತ್ತಂತೆ. ಅಜ್ಜಿ ಹಾಡುತ್ತಲೇ ಕೈ ಬೀಸಿ ಅದನ್ನು ‘ಶೂ’ ಎಂದು ಓಡಿಸುತ್ತಿದ್ದಳು. ಮಡಿಲಲ್ಲಿದ್ದ ನನ್ನ ಅಮ್ಮ ಅದೂ ಹಾಡೇ ಎಂದುಕೊಂಡು ಕಲಿತಳು. ಅಮ್ಮನಿಂದ ನಾನು. ಈಗ ಮನೆಯಲ್ಲಿ ಬೆಕ್ಕಿಲ್ಲ, ಹಾಲು ಫ್ರಿಜ್ಜಿನಲ್ಲಿದೆ, ಆದರೂ ಆ ‘ಶೂ’ ಬಿಟ್ಟಿಲ್ಲ.

“ಸಂಜೆಯೊಳಗೆ ಸರಿ ಮಾಡ್ತೀನಿ ಅತ್ತೆ.”

“ಅಲ್ಲೀವರೆಗೂ ಮಗು ಕಣ್ಣು ಬಿಟ್ಕೊಂಡು ಕೂತಿರ್ಬೇಕಾ? ಹಾಕಪ್ಪಾ ಮೊದಲಿಂದ,” ಎಂದು ಪಿಸುಗುಟ್ಟಿದೆ.

ಹಾಡು ಮತ್ತೆ ಶುರುವಾಯಿತು. ಮೊದಲ ಸಾಲು ಮುಗಿಯಿತು. ನಾನು ಕೈ ಬೀಸಿ ಉಸಿರು ಬಿಟ್ಟೆ: “ಶೂ!” ಅದಕ್ಕೆ ಸ್ವರ ಯಾಕೆ ಬೇಕು? ಗುಬ್ಬಿ ನಕ್ಕು, ನನ್ನ ಹೆಬ್ಬೆರಳು ಹಿಡಿದುಕೊಂಡು ಮಲಗಿದಳು.

ಅಂದಿನಿಂದ ಡಬ್ಬಿಯೂ ನಾನೂ ಸೇರಿ ಹಾಡುತ್ತಿದ್ದೇವೆ. ಅಳಿಯ ಸರಿ ಮಾಡಿ ತಂದ ಹಾಡನ್ನು ಗುಬ್ಬಿ ಸುತರಾಂ ಒಪ್ಪಲಿಲ್ಲ. ಪಾಪ, ಅವನೂ ಒತ್ತಾಯ ಮಾಡಲಿಲ್ಲ.

ನಿನ್ನೆ ಮಧ್ಯಾಹ್ನ ಮಗುವಿಗಿಂತ ಮೊದಲು ನನಗೇ ಜೊಂಪು ಹತ್ತಿತು. ಕನಸೋ ನನಸೋ, ದೂರದಲ್ಲೆಲ್ಲೋ ನನ್ನ ಸ್ವರ ಹಾಡುತ್ತಿತ್ತು. ಸಾಲು ಮುಗಿಯಿತು. ಯಾರೋ “ಶೂ!” ಎಂದರು. ಅರೆಗಣ್ಣಲ್ಲಿ ನೋಡಿದರೆ ಗುಬ್ಬಿ! ಒಂದು ಕೈಯಲ್ಲಿ ಬೆಕ್ಕು ಓಡಿಸುತ್ತ, ಇನ್ನೊಂದರಲ್ಲಿ ನನ್ನನ್ನು ತಟ್ಟುತ್ತಿದ್ದಳು.

“ಮಲಕ್ಕೋ ಅಜ್ಜಿ. ಬೆಕ್ಕು ಹೋಯ್ತು.”

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ನಾನು ಸುಮ್ಮನೆ ಮಲಗಿಯೇ ಇದ್ದೆ.